ಅಂಗಡಿಯವನ ವರ್ಷ

ಈ ಶನಿವಾರ ರಾತ್ರಿ ಶಿರಸಿ ಸೀಮೆಯ ಮಾವನ ಮನೆಯ ಅಂಗಳದಲ್ಲಿ, ಅಡಿಕೆ ಸುಲಿಯುವವರ ನಡುವೆ ಕುಳಿತು, ನಾನು ಮೊಬೈಲಿನಲ್ಲಿ ಪಟ್ಟಿಯೊಂದನ್ನು ತಿದ್ದುತ್ತಿದ್ದೆ. ವರ್ಷದಲ್ಲಿ ಬಿಡುಗಡೆಯಾದ ಆಲ್ಬಂಗಳಲ್ಲಿ ನನಗೆ ಮೆಚ್ಚುಗೆಯಾದ ಹತ್ತನ್ನು ಆರಿಸಿ, ಒಂದರಿಂದ ಹತ್ತರವರೆಗೆ ಅನುಕ್ರಮ ಕೊಟ್ಟು, ಕಾಲೇಜಿನ ಕಾಲದ ಮೂವರು ಗೆಳೆಯರಿಗೆ ಕಳಿಸುವುದು ಪ್ರತಿ ಡಿಸೆಂಬರಿನ ರೂಢಿ. ಅವರೂ ಕಳಿಸುತ್ತಾರೆ, ಅಲ್ಲಿಂದ ಸಂಕ್ರಾಂತಿಯವರೆಗೆ ಜಗಳ ನಡೆಯುತ್ತದೆ. ಅವರಲ್ಲಿ ಒಬ್ಬ ಹೊಸ ಆಲ್ಬಂಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾನೆ ಎಂಬುದು ಹೋದ ವರ್ಷ ಬಯಲಾಯಿತು. ಅಂದಿನಿಂದ ಅವನ ಪಟ್ಟಿಯನ್ನು ನಾನು ಗಂಭೀರವಾಗಿ ಓದುವುದನ್ನು ಬಿಟ್ಟಿದ್ದೇನೆ.

ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತಿದ್ದ ಮಾವ ತಲೆಯೆತ್ತದೆ ಕೇಳಿದ.

"ಎಂತದು ತಮಾ, ಅಷ್ಟು ತಲೆಬಿಸಿ?"

"ಈ ವರ್ಷದ ಚಲೋ ಆಲ್ಬಂ ಆರಿಸ್ತಾ ಇದ್ದಿ ಮಾವಾ."

"ಈ ವರ್ಷದ್ದು ಅಂದ್ರೆ ಯಾರ ವರ್ಷದ್ದು? ಹಾಡಿದವ್ರದ್ದಾ, ಕೇಳಿದವ್ರದ್ದಾ?"

ಎರಡೂ ಅಲ್ಲ, ಬಿಡುಗಡೆಯಾದ ವರ್ಷ ಎಂದೆ. ಮಾವ ಒಂದು ಅಡಿಕೆಯನ್ನು ಸುಲಿದು ಬುಟ್ಟಿಗೆ ಹಾಕಿ, "ಹಂಗಾರೆ ಅಂಗಡಿಯವ್ನ ವರ್ಷ ಹೇಳು" ಎಂದ. ಆಮೇಲೆ ಆ ವಿಷಯವನ್ನು ಅವನು ಮತ್ತೆ ಎತ್ತಲಿಲ್ಲ.

ನಾನು ಮಾತ್ರ ವಾರವಿಡೀ ಅದನ್ನೇ ಹೊತ್ತು ತಿರುಗುತ್ತಿದ್ದೇನೆ. ಮಾವನಿಗೆ ಊರಿನಲ್ಲಿ ಜಿಪುಣನೆಂಬ ಹೆಸರಿದೆ, ಅದು ಸುಳ್ಳೂ ಅಲ್ಲ. ಮಾತಿನಲ್ಲೂ ಅವನದು ಅದೇ ಸ್ವಭಾವ: ಎರಡು ಶಬ್ದ ಸಾಕಾಗುವಲ್ಲಿ ಮೂರನೆಯದನ್ನು ಖರ್ಚು ಮಾಡುವುದಿಲ್ಲ. ಆ ಎರಡು ಶಬ್ದಗಳನ್ನು ಹಿಡಿದು ನನ್ನ ಪಟ್ಟಿಯನ್ನು ನೋಡಿದರೆ ಅದರ ಕೀಲುಗಳು ಒಂದೊಂದಾಗಿ ಸಡಿಲವಾಗತೊಡಗಿದವು.

ಮೊದಲ ಸ್ಥಾನದಲ್ಲಿ ನಾನು ಇಟ್ಟಿದ್ದುದು ಅಮೆರಿಕದ ಜಾಜ್ ಕಲಾವಿದೆ ಆಲಿಸ್ ಕೋಲ್ಟ್ರೇನ್ ಅವರ ಕಾರ್ನೆಗಿ ಹಾಲ್ ಕಛೇರಿ. ಸ್ವಾಮಿ ಸಚ್ಚಿದಾನಂದರ ಯೋಗ ಸಂಸ್ಥೆಯ ಸಹಾಯಾರ್ಥವಾಗಿ ನ್ಯೂಯಾರ್ಕಿನಲ್ಲಿ ನಡೆದ ಆ ಕಛೇರಿಯ ತಾರೀಖು 1971ರ ಫೆಬ್ರವರಿ 21. ಪೂರ್ತಿ ಧ್ವನಿಮುದ್ರಣ ಆಲ್ಬಂ ಆಗಿ ಹೊರಬಂದದ್ದು ಈ ವರ್ಷದ, ಅಂದರೆ 2024ರ, ಮಾರ್ಚಿನಲ್ಲಿ. ಆಲಿಸ್ ತೀರಿಕೊಂಡದ್ದು 2007ರಲ್ಲಿ. ಹಾರ್ಪ್ ನುಡಿಸಿದವರು ಇಲ್ಲ, ಸ್ಯಾಕ್ಸೊಫೋನ್ ನುಡಿಸಿದ ಫೆರೋ ಸ್ಯಾಂಡರ್ಸ್ ಕೂಡ ಇಲ್ಲ. ಆದರೂ ಅದು 2024ರ ಅತ್ಯುತ್ತಮ ಆಲ್ಬಂ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದೆ. ಐದನೆಯ ಸ್ಥಾನದಲ್ಲಿದ್ದ, ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ ಆಲ್ಬಂ ಅವರ ಹಿಂದಿನದಾದ ಹದಿನಾರು ವರ್ಷಗಳ ಬಳಿಕ ಬಂದದ್ದು. ಅದರ ಮೊದಲ ಹಾಡಿನಲ್ಲಿ ಗಾಯಕನ ದನಿ ಕೇಳಬೇಕಾದರೆ ಮೂರು ನಿಮಿಷಕ್ಕಿಂತ ಹೆಚ್ಚು ಕಾಯಬೇಕು, ಆ ಕಾಯುವಿಕೆಯೇ ನನಗೆ ಬಹಳ ಹಿಡಿಸಿತ್ತು. ಆದರೆ ಅದರ ಹಲವು ಹಾಡುಗಳನ್ನು ಅವರು 2022ರಿಂದಲೇ ವೇದಿಕೆಗಳಲ್ಲಿ ಹಾಡುತ್ತಿದ್ದರು. ಅಭಿಮಾನಿಗಳಿಗೆ ಅವು ಆಗಲೇ ಬಾಯಿಪಾಠವಾಗಿದ್ದವು. ನವೆಂಬರ್ ಒಂದರಂದು ಅಂಗಡಿಯವನು ಪೆಟ್ಟಿಗೆ ಬಿಚ್ಚಿದ, ನಾವೆಲ್ಲ ಹೊಸದು ಎಂದೆವು.

ಇನ್ನೂ ನಾಚಿಕೆಯ ಸಂಗತಿ ಎಂಟನೆಯ ಸ್ಥಾನದ್ದು. ಸಿಂಡಿ ಲೀ ಹೆಸರಿನಲ್ಲಿ ಹಾಡುವ ಕೆನಡಾದ ಕಲಾವಿದರ ಆ ಆಲ್ಬಂನಲ್ಲಿ ಮೂವತ್ತೆರಡು ಹಾಡುಗಳಿವೆ, ಒಟ್ಟು ಅವಧಿ ಎರಡು ತಾಸು. ನಾನು ಅದನ್ನು ಪೂರ್ತಿಯಾಗಿ ಕೇಳಿದ್ದು ಒಂದೇ ಒಂದು ಸಲ, ಅದೂ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ, ನಡುವೆ ನಿದ್ದೆ ಬಂದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ. ಎಲ್ಲ ಪಟ್ಟಿಗಳಲ್ಲೂ ಇದೆಯಲ್ಲ ಎಂದು ನನ್ನದರಲ್ಲೂ ಸೇರಿಸಿದ್ದೆ. ಪಾಕಿಸ್ತಾನಿ ಮೂಲದ ಗಾಯಕಿ ಆರೂಜ್ ಆಫ್ತಾಬ್ ಅವರ ರಾತ್ರಿಯ ಹಾಡುಗಳೂ ನಮ್ಮ ವಾರಿಜಶ್ರೀ ವೇಣುಗೋಪಾಲ್ ಅವರ 'ವರಿ'ಯೂ ಇಲ್ಲದಿದ್ದರೆ, ನಿಜವಾಗಿ ಒಡನಾಡಿದ ಆಲ್ಬಂ ಎಂದು ಹೇಳಿಕೊಳ್ಳಲು ಆ ಹತ್ತರಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಕೇಳಿದವನ ವರ್ಷವನ್ನೇ ಹಿಡಿಯೋಣವೆಂದರೆ ಅದರ ಲೆಕ್ಕವೂ ಕೈಯಲ್ಲಿತ್ತು. ನಾನು ಬಳಸುವ ಆ್ಯಪ್ ಈ ತಿಂಗಳ ಆರಂಭದಲ್ಲೇ ವರ್ಷವಿಡೀ ನಾನು ಕೇಳಿದ್ದರ ಲೆಕ್ಕವನ್ನು ಬಣ್ಣಬಣ್ಣದ ಚೌಕಗಳಲ್ಲಿ ಒಪ್ಪಿಸಿತ್ತು. ಅದರ ಪ್ರಕಾರ ನಾನು ಈ ವರ್ಷ ಅತಿ ಹೆಚ್ಚು ಕೇಳಿದ್ದು ಮಗಳನ್ನು ಮಲಗಿಸಲು ಹಾಕುತ್ತಿದ್ದ ಮಳೆಯ ಸದ್ದು. ಜುಲೈ ತಿಂಗಳಲ್ಲಿ, ಶಿರಸಿಯಲ್ಲಿ, ಹಂಚಿನ ಮೇಲೆ ಧಾರಾಕಾರವಾಗಿ ಹುಯ್ಯುತ್ತಿದ್ದ ಮಳೆಗೆ ನಿದ್ದೆ ಬಾರದೆ ಮೊಬೈಲಿನ ಮಳೆಗೇ ಅವಳು ಕಣ್ಣು ಮುಚ್ಚುತ್ತಿದ್ದಳು. ಕೇಳುಗನ ವರ್ಷವೆಂದರೆ ಇದೇ ಆಗುವುದಾದರೆ ಆ ದಾರಿಯೂ ನನಗೆ ಬೇಡವೆನಿಸಿತು.

ಶನಿವಾರದ ರಾತ್ರಿ ಅಲ್ಲಿಗೆ ಮುಗಿದಿರಲಿಲ್ಲ. ಊಟವಾದ ಮೇಲೆ ಮಾವ ಒಳಗಿನಿಂದ ಟೇಪ್ ರೆಕಾರ್ಡರ್ ತಂದ. ಜಿಪುಣತನದ ನಡುವೆಯೂ ಅವನು ಕೈಬಿಚ್ಚಿ ಖರ್ಚು ಮಾಡಿದ್ದು ಕ್ಯಾಸೆಟ್ಟುಗಳಿಗೆ ಮಾತ್ರ. ನಾನ್ನೂರರಷ್ಟಿವೆ, ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದಿರಲೆಂದು ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ತಳಕ್ಕೆ ಅಕ್ಕಿ ಹರವಿ ಇಟ್ಟಿದ್ದಾನೆ. ಅಂದು ಅವನು ಹಾಕಿದ್ದು ಭಾಗವತ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್. 1990ರಲ್ಲಿ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಆ ಸುದ್ದಿ ಕೇಳಿದ ವಾರ ಪೇಟೆಗೆ ಹೋಗಿ ತಂದದ್ದಂತೆ ಅದು. ಈ ಆಗಸ್ಟಿನಲ್ಲಿ ಟೇಪು ಸಿಕ್ಕಿಕೊಂಡು ತುಂಡಾಗಿತ್ತು. ಐದು ಸ್ಕ್ರೂ ಬಿಚ್ಚಿ, ಸುಕ್ಕಾದ ತುಂಡನ್ನು ಕತ್ತರಿಸಿ ತೆಗೆದು, ತುದಿಗಳನ್ನು ಎದುರುಬದುರಾಗಿ ಕೂರಿಸಿ, ಹಿಂಬದಿಗೆ ಗಮ್‌ಟೇಪಿನ ಎಳೆಯೊಂದನ್ನು ಅಂಟಿಸಿ, ಹೆಚ್ಚಾದ ಅಂಚನ್ನು ಬ್ಲೇಡಿನಿಂದ ಸವರಿ, ಪೆನ್ಸಿಲ್ ತೂರಿಸಿ ಸುತ್ತಿ ಅವನೇ ಸರಿಮಾಡಿದ್ದ. ಕತ್ತರಿಸಿದ್ದು ಬೆರಳುದ್ದದಷ್ಟು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಸುಮಾರು ಐದು ಸೆಂಟಿಮೀಟರ್ ಓಡುವುದರಿಂದ, ಹೋದದ್ದು ಒಂದೂವರೆ ಸೆಕೆಂಡಿನ ಹಾಡು: ಒಂದು ಪದ್ಯದ ಎರಡನೆಯ ಸಾಲಿನ ಕೊನೆಯ ಶಬ್ದ ಮತ್ತು ಅದರೊಂದಿಗೆ ಬೀಳಬೇಕಾಗಿದ್ದ ಚಂಡೆಯ ಪೆಟ್ಟು.

ಆ ಜಾಗ ಬಂತು. ಭಾಗವತರ ದನಿ ಏರುತ್ತ ಹೋಗಿ ಥಟ್ಟನೆ ಮುಂದಿನ ಸಾಲಿಗೆ ನೆಗೆಯಿತು. ಅಷ್ಟರಲ್ಲಿ, ಸುಲಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳಾದವಳು, ಕಣ್ಣನ್ನು ಕತ್ತಿಯ ಅಲಗಿನಿಂದ ತೆಗೆಯದೆ, ಕೈಯನ್ನೂ ನಿಲ್ಲಿಸದೆ, ಬಿಟ್ಟುಹೋದ ಆ ಶಬ್ದವನ್ನು ತಾನೇ ಹಾಡಿ ಮುಗಿಸಿದಳು. ಅವಳ ಪಕ್ಕದ ಹುಡುಗಿ ನಾಲಿಗೆಯಲ್ಲಿ ಒಂದು ಚಂಡೆಯ ಪೆಟ್ಟು ಕೊಟ್ಟಳು. ಯಾರೂ ನಗಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೀಸನ್ ಆರಂಭವಾದಾಗಿನಿಂದ ದಿನವೂ ಹೀಗೆಯೇ ನಡೆಯುತ್ತಿತ್ತೆಂದು ಕಾಣುತ್ತದೆ.

ಆ ಒಂದೂವರೆ ಸೆಕೆಂಡನ್ನು ಈ ವಾರ ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ಕೇಳಿದ್ದೇನೋ ಲೆಕ್ಕವಿಲ್ಲ. ಆ ಹಿರಿಯಳಿಗೆ ಕ್ಯಾಸೆಟ್ ಗಡಿಯಾರವೂ ಹೌದು: ಅರ್ಧ ತಾಸಿನ ಒಂದು ಬದಿ ಮುಗಿಯುವುದರೊಳಗೆ ತನ್ನ ಬುಟ್ಟಿ ಎಷ್ಟು ತುಂಬಬೇಕೆಂಬುದು ಅವಳಿಗೆ ಗೊತ್ತು, ಬದಿ ತಿರುಗಿಸುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಎಲೆಯಡಿಕೆಯ ಕವಳ ಹಾಕುತ್ತಾಳೆ. ಆಲ್ಬಂ ಎಂಬ ಹೆಸರೇ ಇಂಥ ಬದಿಗಳಿಂದ ಹುಟ್ಟಿದ್ದು. ಬದಿಗೆ ಮೂರು ನಾಲ್ಕು ನಿಮಿಷವಷ್ಟೇ ಹಿಡಿಯುತ್ತಿದ್ದ 78 ಆರ್‌ಪಿಎಂ ತಟ್ಟೆಗಳನ್ನು ಫೋಟೊ ಆಲ್ಬಂನಂಥ ರಟ್ಟಿನ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. 1948ರಲ್ಲಿ ಬದಿಗೆ ಇಪ್ಪತ್ತು ನಿಮಿಷ ಮೀರಿ ಹಿಡಿಯುವ ಎಲ್‌ಪಿ ತಟ್ಟೆ ಬಂದಾಗ ಪುಸ್ತಕ ಹೋಯಿತು, ಹೆಸರು ಉಳಿಯಿತು. ಈಗ ಬದಿಯೂ ಇಲ್ಲ. ಒಂದು ಆಲ್ಬಂ ಮುಗಿದ ಕ್ಷಣದಲ್ಲೇ ಆ್ಯಪ್ ಬೇರೆ ಯಾರದ್ದೋ ಹಾಡನ್ನು ತಳ್ಳುತ್ತದೆ, ಕವಳಕ್ಕೆ ಬಿಡುವಿಲ್ಲ.

ಭಾನುವಾರ ರಾತ್ರಿ ತಬಲಾ ವಾದಕ ಜಾಕಿರ್ ಹುಸೇನ್ ತೀರಿಕೊಂಡರೆಂದು ಸುದ್ದಿ ಬಂತು, ಇಲ್ಲವೆಂದು ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಸುದ್ದಿ ಬಂತು, ಸೋಮವಾರ ಬೆಳಿಗ್ಗೆ ನಿಜವೇ ಆಯಿತು. ಮನುಷ್ಯನ ಉಸಿರು ನಿಂತಿತೋ ಇಲ್ಲವೋ ಎಂದು ಖಾತರಿ ಮಾಡಿಕೊಳ್ಳುವ ಮೊದಲೇ ಹೂಮಾಲೆಯ ಚಿತ್ರ ಹಂಚಿದವರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಹೋದ ವರ್ಷದ ನನ್ನ ಪಟ್ಟಿಯನ್ನು ತೆಗೆದು ನೋಡಿದೆ. ಜಾಕಿರ್ ಅವರಿದ್ದ ಶಕ್ತಿ ತಂಡದ 2023ರ ಆಲ್ಬಂ, ಈ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆದದ್ದು, ನನ್ನಲ್ಲಿ ಒಂಬತ್ತನೆಯ ಸ್ಥಾನದಲ್ಲಿತ್ತು. ಅದರ ಎದುರಿಗೆ 'ಚೆನ್ನಾಗಿದೆ, ಆದರೆ ನಿರೀಕ್ಷಿತ' ಎಂದು ಬರೆದಿದ್ದೆ. ಎಂಥ ಉದ್ಧಟತನ! ಆ ದಿನವಿಡೀ ಕೇಳಿದ್ದು ಜಾಕಿರ್ ಅವರ 'ಮೇಕಿಂಗ್ ಮ್ಯೂಸಿಕ್'. 1986ರ ಡಿಸೆಂಬರಿನಲ್ಲಿ ಓಸ್ಲೋದಲ್ಲಿ ಧ್ವನಿಮುದ್ರಿಸಿ 1987ರಲ್ಲಿ ಬಿಡುಗಡೆ ಮಾಡಿದ್ದು. ಚೌರಾಸಿಯಾ ಅವರ ಕೊಳಲು, ಮೆಕ್‌ಲಾಫ್ಲಿನ್ ಗಿಟಾರು, ಯಾನ್ ಗರ್ಬಾರೆಕ್ ಸ್ಯಾಕ್ಸೊಫೋನು. ತಬಲಾ ಅಲ್ಲಿ ಎಷ್ಟೋ ಹೊತ್ತು ಸುಮ್ಮನಿರುತ್ತದೆ. ಅದರ ವರ್ಷ ಯಾವುದು? ಸೋಮವಾರದ ಮಟ್ಟಿಗೆ ಅದು ಇದೇ ವರ್ಷದ್ದಾಗಿತ್ತು.

ಬುಧವಾರ ಸಂಜೆ ಮತ್ತೆ ಮಾವನ ಮನೆಗೆ ಹೋದೆ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ, ಅದೇ ಕ್ಯಾಸೆಟ್ಟನ್ನು ಯಾರೋ ಅಂತರ್ಜಾಲಕ್ಕೆ ಏರಿಸಿದ್ದುದನ್ನು ಹುಡುಕಿ ಇಳಿಸಿಕೊಂಡಿದ್ದೆ. ಟೇಪು ತುಂಡಾಗಿಲ್ಲ, ಕರಕರ ಸದ್ದಿಲ್ಲ. ಚಿಕ್ಕ ಸ್ಪೀಕರಿಗೆ ಜೋಡಿಸಿ ಅಂಗಳದ ಕಟ್ಟೆಯ ಮೇಲಿಟ್ಟೆ. ಮಾವ ಏನೂ ಹೇಳಲಿಲ್ಲ. ಆ ಪದ್ಯ ಬಂತು, ಎರಡನೆಯ ಸಾಲು ಬಂತು, ಹಿರಿಯಳು ಎಂದಿನಂತೆ ತನ್ನ ಶಬ್ದವನ್ನು ಎತ್ತಿಕೊಂಡಳು. ಸ್ಪೀಕರಿನಲ್ಲಿ ನಾವಡರೂ ಅದನ್ನೇ ಹಾಡಿದರು, ಅವಳಿಗಿಂತ ತುಸು ನಿಧಾನವಾಗಿ. ಎರಡು ದನಿಗಳು ಒಂದಕ್ಕೊಂದು ಢಿಕ್ಕಿ ಹೊಡೆದವು. ಆ ಸಂಜೆ ಮೊದಲ ಬಾರಿಗೆ ಅವಳ ಕೈ ನಿಂತಿತು.

"ಇದು ನಮ್ ಕ್ಯಾಸೆಟ್ಟಲ್ರಾ ಹೆಗಡೇರೆ," ಎಂದಳು.

ಮಾವ ಎದ್ದು ಮೈಮೇಲಿನ ಸಿಪ್ಪೆಯ ನಾರು ಕೊಡವಿಕೊಂಡು ಟೇಪ್ ರೆಕಾರ್ಡರ್ ತರಲು ಒಳಗೆ ಹೋದ. ನಾನು ಸ್ಪೀಕರ್ ಆರಿಸಿದೆ. ಪಟ್ಟಿ ಎಲ್ಲಿಗೆ ಬಂತು ಎಂದು ಗೆಳೆಯರ ಸಂದೇಶಗಳು ಮೂರು ಬಂದಿದ್ದವು; ಮೊಬೈಲನ್ನು ಮಗುಚಿಟ್ಟು, ಮಾವ ಬರುವುದರೊಳಗೆ ಹತ್ತು ಅಡಿಕೆಯನ್ನಾದರೂ ಸುಲಿಯೋಣವೆಂದು ಅವನ ಮಣೆಯ ಮೇಲೆ ಕುಳಿತೆ. ಮೂರು ಸುಲಿದೆ, ನಾಲ್ಕನೆಯದಕ್ಕೆ ಹೆಬ್ಬೆರಳು ಕೊಯ್ದುಕೊಂಡೆ.