ಮಿಲ್ ಲ್ಯಾಕ್ಸ್ ಐಸ್ ಮೇಲೆ ನಮ್ಮ ಕರೆಂಟ್ ಪೆಟ್ಟಿಗೆ

ನವೆಂಬರ್, ಗ್ಯಾರೇಜಿನಲ್ಲಿ

ಈ ಚಳಿಗಾಲಕ್ಕೆ ಹೊಸ ಬ್ಯಾಟರಿ ಪೆಟ್ಟಿಗೆ ಕಟ್ಟುತ್ತಿದ್ದೇನೆ. ಅದರಿಂದ ಆಗಬೇಕಾದ ಕೆಲಸ ಇಷ್ಟೇ. ಹೆಪ್ಪುಗಟ್ಟಿದ ಕೆರೆ ಮೇಲೆ ಟೆಂಟ್ ಹಾಕಿ ಕೂತಾಗ ಒಳಗೆ ಬೆಳಕು ಬೇಕು, ಇಬ್ಬರ ಫೋನಿಗೆ ಚಾರ್ಜ್ ಬೇಕು, ಕೆಳಗೆ ಮೀನು ಬಂದರೆ ತೋರಿಸುವ ಫ್ಲ್ಯಾಷರ್‌ಗೆ ಕರೆಂಟ್ ಬೇಕು. ಹೀಟರ್ ಪ್ರೊಪೇನಿನದು, ಅದರ ಚಿಂತೆ ಬ್ಯಾಟರಿಗೆ ಇಲ್ಲ.

ಅಮೆರಿಕದ ಮಿನೆಸೋಟಾ ರಾಜ್ಯದ ಐಸ್ ಫಿಶಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಹೋಗುವುದು ಮಿಲ್ ಲ್ಯಾಕ್ಸ್ ಕೆರೆಗೆ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್. 500 ಚದರ ಕಿಲೋಮೀಟರ್‌ಗಿಂತ ದೊಡ್ಡ ಕೆರೆ, ಆದರೆ ಅತಿ ಆಳದ ಜಾಗದಲ್ಲೂ 40 ಅಡಿ ಚಿಲ್ಲರೆ ಅಷ್ಟೇ. ಆಗರ್‌ನಿಂದ ಐಸಿಗೆ ತೂತು ಕೊರೆದು ಗಾಳ ಇಳಿಬಿಟ್ಟು ಕೂರುವುದು. ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳ ಹಾಕಲು ಇಲ್ಲಿ ಕಾನೂನು ಬಿಡುತ್ತದೆ.

ಎಲ್ಲರಿಗೂ ಬೇಕಾದ ಮೀನು ವಾಲೈ. ಅದರ ಕಣ್ಣಿನ ಹಿಂದೆ ಬೆಳಕನ್ನು ಮತ್ತೆ ಒಳಕ್ಕೇ ತಿರುಗಿಸುವ ಒಂದು ಪದರ ಇದೆ. ಹಾಗಾಗಿ ಮಬ್ಬುಗತ್ತಲಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅದು ತಿನ್ನಲು ಹೊರಡುವುದೂ ಆಗಲೇ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಅಂದರೆ ಮೀನು ಕಚ್ಚುವ ಹೊತ್ತಿಗೆ ನಮಗೆ ಗಾಳದ ಗಂಟು ಕೂಡ ಕಾಣುವುದಿಲ್ಲ.

ಫೋನ್ ಚಾರ್ಜ್ ಅಂದರೆ ಫೋಟೋ ಹೊಡೆಯುವುದಕ್ಕೆ ಅಂತ ಮನೆಯಲ್ಲಿ ನಗುತ್ತಾರೆ. 2022ರ ನವೆಂಬರ್ ಕೊನೆಯಲ್ಲಿ ಇಲ್ಲೇ ಉತ್ತರದ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸಿನ ದೊಡ್ಡ ಚಪ್ಪಡಿ ದಡದಿಂದ ಬಿಟ್ಟುಕೊಂಡಿತು. ಸುಮಾರು 200 ಜನ ಅದರ ಮೇಲೆ ಸಿಕ್ಕಿಕೊಂಡರು. ಮರುವರ್ಷ ಅದೇ ಕೆರೆಯಲ್ಲಿ, ಡಿಸೆಂಬರ್ ಕೊನೆಯಲ್ಲಿ, ಮತ್ತೆ 100ಕ್ಕೂ ಹೆಚ್ಚು ಜನ. ಎರಡು ಸಲವೂ ಎಲ್ಲರನ್ನೂ ದಡ ಸೇರಿಸಿದರು. ಅಂಥ ಹೊತ್ತಲ್ಲಿ ಫೋನ್ ಸತ್ತಿರಬಾರದು, ಅಲ್ವಾ?

ಹಳೆಯದು ಯಾಕೆ ಸಾಲದು

ಇದುವರೆಗೆ ಇದ್ದದ್ದು ಫ್ಲ್ಯಾಷರ್ ಜೊತೆ ಬಂದ 12 ವೋಲ್ಟ್, 7 ಆಂಪ್-ಅವರ್‌ನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ. ಎರಡನ್ನೂ ಗುಣಿಸಿದರೆ ಲೆಕ್ಕಕ್ಕೆ 84 ವ್ಯಾಟ್-ಅವರ್, ಅಂದರೆ ಒಂದು ವ್ಯಾಟಿನ ಲೈಟು 84 ಗಂಟೆ ಉರಿಯುವಷ್ಟು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ನಮ್ಮ ಕೈಗೆ ಸಿಗುವುದು 42. ಮೈನಸ್ 18 ಡಿಗ್ರಿಯಲ್ಲಿ ಅದರಲ್ಲೂ ದೊಡ್ಡ ಪಾಲು ಚಳಿಗೇ ಹೋಗುತ್ತದೆ. ಊರಲ್ಲಿ ಮನೆಯ ಯುಪಿಎಸ್ ಬ್ಯಾಟರಿಯನ್ನು ಸೆಕೆ ತಿನ್ನುತ್ತಿತ್ತು, ಇಲ್ಲಿ ಚಳಿ ತಿನ್ನುತ್ತದೆ. ಒಟ್ಟಿನಲ್ಲಿ ಲೆಡ್-ಆಸಿಡ್‌ಗೆ ಎಲ್ಲಿಯೂ ಸುಖ ಇಲ್ಲ.

ಈಗ ಬೇಕಾದ್ದು ಎಷ್ಟು ನೋಡೋಣ. ಬಿಳಿ ಎಲ್‌ಇಡಿ ಪಟ್ಟಿ ಎರಡು ಮೀಟರ್, ಮೀಟರಿಗೆ ಸುಮಾರು 5 ವ್ಯಾಟ್. ಆರು ಗಂಟೆ ಉರಿದರೆ 60 ವ್ಯಾಟ್-ಅವರ್. ಫ್ಲ್ಯಾಷರ್ 0.3 ಆಂಪ್ ಎಳೆಯುತ್ತದೆ, ಆರು ಗಂಟೆಗೆ 23. ಎರಡು ಫೋನ್ ಖಾಲಿಯಿಂದ ತುಂಬಲು ಒಂದೊಂದಕ್ಕೆ 15, ಜೊತೆಗೆ ದಾರಿಯಲ್ಲಿ ಸೋರುವುದು ಸೇರಿ 36. ಒಟ್ಟು 120ರ ಆಸುಪಾಸು. ಹಳೇ ಬ್ಯಾಟರಿಯಿಂದ ಆಗದ ಮಾತು.

ತಂದದ್ದು 12.8 ವೋಲ್ಟ್, 20 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಮೂರೂಕಾಲು ವೋಲ್ಟಿನ ಹತ್ತಿರದ ನಾಲ್ಕು ಸೆಲ್ ಸಾಲಾಗಿ ಕೂತಿವೆ. 256 ವ್ಯಾಟ್-ಅವರ್. ತೂಕ ಹಳೆಯದರಷ್ಟೇ, ಎರಡೂವರೆ ಕೆಜಿ ಹತ್ತಿರ. ಸಾಮಾನಿನ ಸ್ಲೆಡ್ (ಜಾರುಬಂಡಿ) ಎಳೆಯುವವನಿಗೆ ಇದೇ ದೊಡ್ಡ ಸಮಾಧಾನ.

ಬ್ಯಾಟರಿ, ಇನ್ವರ್ಟರ್ ಎಲ್ಲ ಒಂದೇ ಡಬ್ಬದಲ್ಲಿ ಬರುವ ರೆಡಿಮೇಡ್ ಪವರ್ ಸ್ಟೇಷನ್ ತಗೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿರುವ ಇನ್ವರ್ಟರ್ ನಮಗೆ ಬೇಡ. ಬ್ಯಾಟರಿಯ 12 ವೋಲ್ಟನ್ನು 120ಕ್ಕೆ ಏರಿಸಿ, ಮತ್ತೆ ಫೋನಿಗೆ ಅಂತ ಇಳಿಸಿ, ಎರಡು ಕಡೆ ಸೋರಿಸುವುದು ಯಾಕೆ? ಅದರ ಸಣ್ಣ ಗುಂಡಿಗಳನ್ನು ದಪ್ಪ ಗ್ಲೌಸ್ ಹಾಕಿಕೊಂಡು ಒತ್ತಿ ನೋಡಿ, ಆಮೇಲೆ ಮಾತಾಡೋಣ.

ನವೆಂಬರ್ ಕೊನೆ, ಚಳಿ ಪರೀಕ್ಷೆ

ಬ್ಯಾಟರಿಯನ್ನು ರಾತ್ರಿಯಿಡೀ ಹಿತ್ತಿಲಲ್ಲಿ ಬಿಟ್ಟೆ. ಬೆಳಿಗ್ಗೆ ಮೈನಸ್ 15. ಅಲ್ಲೇ ಹೊರಗೆ ಒಂದು ಲೋಡ್ (ಕರೆಂಟ್ ಎಳೆಯುವ ಸಾಧನ) ಕಟ್ಟಿ ಪೂರ್ತಿ ಖಾಲಿ ಮಾಡಿದೆ. ಡಬ್ಬದ ಮೇಲೆ ಬರೆದಿದ್ದರ ಮುಕ್ಕಾಲು ಭಾಗ ಸಿಕ್ಕಿತು. ಅಂದರೆ 190 ವ್ಯಾಟ್-ಅವರ್. ನಮಗೆ ಬೇಕಾದ 120 ಕಳೆದರೂ ಕೈಯಲ್ಲಿ ಉಳಿಯುತ್ತದೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಈ ಜಾತಿಯ ಬ್ಯಾಟರಿಯಲ್ಲಿ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ. ಮುಕ್ಕಾಲು ತುಂಬಿದ್ದಾಗಲೂ 13.2, ಕಾಲು ಭಾಗ ಇದ್ದಾಗಲೂ 13ರ ಹತ್ತಿರವೇ. ಆಮೇಲೆ ಒಮ್ಮೆಲೇ ಬೀಳುತ್ತದೆ. ಚಳಿಯಲ್ಲಿ ಲೋಡ್ ಹಾಕಿದರೆ ಇನ್ನಷ್ಟು ಕುಸಿದು ಸುಮ್ನೆ ಹೆದರಿಸುತ್ತದೆ. ಅದಕ್ಕೇ ಒಂದು ಶಂಟ್ ಮೀಟರ್ ಹಾಕಿದೆ. ಅದು ಹೊರಗೆ ಹೋದ ಆಂಪ್-ಅವರನ್ನು ಒಂದೊಂದಾಗಿ ಎಣಿಸುತ್ತಾ ಹೋಗುತ್ತದೆ. ಪೆಟ್ಟಿಗೆಗೆ ಹಾಕಿದ ದುಡ್ಡಲ್ಲಿ ಸಾರ್ಥಕ ಅನಿಸಿದ್ದು ಇದು.

ಡಿಸೆಂಬರ್ ಮೊದಲ ವಾರ, ಪೆಟ್ಟಿಗೆ

ಹೊರಗಿನದು ಪ್ಲಾಸ್ಟಿಕ್ ಡ್ರೈ ಬಾಕ್ಸ್, ಒಳಗೆ ಸುತ್ತಲೂ ಒಂದಿಂಚಿನ ಫೋಮ್ ಹಲಗೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣು ದೂರದಲ್ಲೇ 10 ಆಂಪ್ ಫ್ಯೂಸ್. ಫ್ಯೂಸ್ ದೂರ ಇಟ್ಟಷ್ಟೂ ಅದರ ಹಿಂದಿನ ವೈರಿಗೆ ರಕ್ಷಣೆ ಇಲ್ಲ. ಸ್ವಿಚ್‌ಗಳು ದೋಣಿಗಳಲ್ಲಿ ಹಾಕುವ ದೊಡ್ಡ ರಾಕರ್ ಸ್ವಿಚ್. ಗ್ಲೌಸ್ ತೆಗೆಯದೆ ಮುಷ್ಟಿಯಿಂದ ಒತ್ತಿದರೂ ಬೀಳುತ್ತವೆ.

ವೈರ್ ಮಾತ್ರ ಸಿಲಿಕೋನ್ ಹೊದಿಕೆಯದೇ ಬೇಕು. ಮಾಮೂಲಿ ಪಿವಿಸಿ ವೈರ್ ಮೈನಸ್ 20ರಲ್ಲಿ ಒಣಗಿದ ಬಳ್ಳಿಯಂತೆ ಸೆಟೆದು ನಿಲ್ಲುತ್ತದೆ. ಮಡಚಲು ಹೋದರೆ ಹೊದಿಕೆ ಬಿರುಕು ಬಿಡುತ್ತದೆ. ಹಾಟ್ ಗ್ಲೂ ಕೂಡ ನಂಬುವ ವಸ್ತುವಲ್ಲ, ಚಳಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಎಲ್‌ಇಡಿ ಪಟ್ಟಿಯ ಹಿಂದಿನ ಅಂಟೂ ಅಷ್ಟೇ. ಅದನ್ನು ವೆಲ್ಕ್ರೋ ಪಟ್ಟಿಯಲ್ಲಿ ಟೆಂಟಿನ ಕಂಬಕ್ಕೆ ಸುತ್ತಿದ್ದೇನೆ.

ಡಿಸೆಂಬರ್ ಕೊನೆ, ಐಸ್ ಮೇಲೆ

ಐಸ್ ಒಂಬತ್ತು ಇಂಚು. ನಡೆದು ಹೋಗಲು ಗಟ್ಟಿ ತಿಳಿ ಐಸ್ ಕನಿಷ್ಠ ನಾಲ್ಕು ಇಂಚಾದರೂ ಇರಬೇಕು ಎನ್ನುವುದು ಮಿನೆಸೋಟಾದ ಡಿಎನ್‌ಆರ್ (ನೈಸರ್ಗಿಕ ಸಂಪನ್ಮೂಲ) ಇಲಾಖೆಯ ಮಾತು. ನಾವು ಕಾರು ದಡದಲ್ಲೇ ಬಿಟ್ಟು ಸ್ಲೆಡ್ ಎಳೆದುಕೊಂಡು ಹೋಗುವವರು.

ಬೆಳಕು ಚೆನ್ನಾಗಿದೆ. ಜಾಸ್ತಿಯೇ ಚೆನ್ನಾಗಿದೆ. ಪೂರ್ತಿ ಹಚ್ಚಿದರೆ ತೂತಿನ ಮೂಲಕ ಕೆಳಗಿನ ನೀರೂ ಬೆಳ್ಳಗಾಗುತ್ತದೆ. ಮಬ್ಬನ್ನು ಹುಡುಕಿ ಬರುವ ವಾಲೈಗೆ ಅದು ಹಿಡಿಸಲಾರದು ಎಂದು ನನ್ನ ಅನಿಸಿಕೆ. ಪಟ್ಟಿಗೆ ಬೆಳಕು ಇಳಿಸುವ ಡಿಮ್ಮರ್ ಇತ್ತು, ತಿರುಗಿಸಿ ಇಳಿಸಿದೆ. ತಕ್ಷಣ ಫ್ಲ್ಯಾಷರ್ ಪರದೆ ಮೇಲೆ ತೆಳ್ಳಗಿನ ಗೆರೆಗಳು ಎದ್ದವು, ಆರು ಅಡಿಯಲ್ಲಿ ಒಂದು, ಹದಿನೆಂಟರಲ್ಲಿ ಒಂದು.

"ಮೀನು ಬಂತು ಮಾರಾಯ!" ಗೆಳೆಯ ಗಾಳ ಹಿಡಿದು ಕುಣಿಯಲು ಶುರು ಮಾಡಿದ.

"ಸುಮ್ನಿರು, ಅದು ಮೀನಲ್ಲ, ಲೈಟು" ಎಂದೆ. ಡಿಮ್ಮರ್ ಪೂರ್ತಿ ಏರಿಸಿದರೆ ಗೆರೆ ಮಾಯ. ಇಳಿಸಿದರೆ ಹಾಜರ್.

ಕಾರಣ ಸರಳ. ಡಿಮ್ಮರ್ ಬೆಳಕನ್ನು ನಿಜಕ್ಕೂ ಕಡಿಮೆ ಮಾಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ, ಕೆಲವು ಸಾವಿರಾರು ಸಲ, ಹಚ್ಚಿ ಆರಿಸುತ್ತದೆ. ಕಣ್ಣಿಗೆ ಮಂದವಾಗಿ ಕಾಣುತ್ತದೆ. ಆ ಹಚ್ಚು-ಆರಿಸು ಅದೇ ವೈರಿನ ಮೂಲಕ ಫ್ಲ್ಯಾಷರ್‌ಗೂ ಹೋಗುತ್ತದೆ. ನೀರೊಳಗಿಂದ ಬರುವ ಸಣ್ಣ ಪ್ರತಿಧ್ವನಿಗೆ ಕಿವಿಗೊಟ್ಟು ಕೂತ ಯಂತ್ರ ಅದು, ಈ ಗಲಾಟೆಯನ್ನೂ ಮೀನು ಎಂದು ಬರೆಯುತ್ತದೆ.

ಮನೆಗೆ ಬಂದು ಡಿಮ್ಮರ್ ಕಿತ್ತು ಹಾಕಿದೆ. ಪಟ್ಟಿಯನ್ನು ಮೂರು ತುಂಡು ಮಾಡಿ ಮೂರಕ್ಕೂ ಬೇರೆ ಬೇರೆ ಸ್ವಿಚ್ ಕೊಟ್ಟೆ. ಕಮ್ಮಿ ಬೆಳಕು ಬೇಕಾದರೆ ಒಂದೇ ತುಂಡು ಹಚ್ಚುವುದು, ಮೀನು ಕೊಕ್ಕೆಯಿಂದ ಬಿಡಿಸುವಾಗ ಮೂರೂ. ಗೆರೆ ನಿಂತಿತು, ಕರೆಂಟೂ ಉಳಿಯಿತು. ಫೋನ್ ಚಾರ್ಜರ್‌ನಿಂದ ಬರುವ ಗೆರೆ ಇನ್ನೂ ಪೂರ್ತಿ ಹೋಗಿಲ್ಲ. ವೈರಿಗೆ ಇಂಥ ಗಲಾಟೆ ತಗ್ಗಿಸುವ ಫೆರೈಟ್ ಉಂಗುರ ಹಾಕಿ, ಫ್ಲ್ಯಾಷರ್ ವೈರನ್ನು ಪೆಟ್ಟಿಗೆಯ ಆ ಕಡೆಯಿಂದ ತೆಗೆದ ಮೇಲೆ ಕಡಿಮೆಯಾಗಿದೆ. ಸದ್ಯಕ್ಕೆ ಮೀನು ಕಚ್ಚುವ ಹೊತ್ತಲ್ಲಿ ಚಾರ್ಜರ್ ಸ್ವಿಚ್ ಆಫ್.

ಜನವರಿ, ಫೋನಿನ ಗೂಡು

ಮೈನಸ್ 24. ಈ ಚಳಿಯಲ್ಲಿ ಹೊರಗಿಟ್ಟ ಫೋನ್ 40 ಪರ್ಸೆಂಟ್ ತೋರಿಸುತ್ತಲೇ ಆರಿಹೋಗುತ್ತದೆ. ಒಳಗೆ ಚಾರ್ಜ್ ಇರುತ್ತದೆ, ಆದರೆ ತಣ್ಣಗಾದ ಬ್ಯಾಟರಿಯ ಒಳಗಿನ ತಡೆ ಏರಿ ವೋಲ್ಟೇಜ್ ಕುಸಿಯುತ್ತದೆ. ಬೆಚ್ಚಗಾದರೆ ಮತ್ತೆ ಬದುಕುತ್ತದೆ. ಹಾಗಂತ ತಣ್ಣಗಿರುವಾಗಲೇ ಚಾರ್ಜರ್ ಚುಚ್ಚಬಾರದು. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯೊಳಗಿನ ಗ್ರಾಫೈಟ್ ಪದರದ ಒಳಗೆ ಹೋಗದೆ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಹಾಗೆ ಕೂತದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಫೋನಿಗೂ ಇದೇ ನಿಯಮ, ದೊಡ್ಡ ಬ್ಯಾಟರಿಗೂ ಇದೇ ನಿಯಮ.

ಹಾಗಾಗಿ ಪೆಟ್ಟಿಗೆಯ ಒಳಗೇ, ಫೋಮ್ ಮತ್ತು ಬ್ಯಾಟರಿಯ ನಡುವೆ, ಎರಡು ಫೋನ್ ನಿಲ್ಲುವಷ್ಟು ಗೂಡು ಮಾಡಿದೆ. ಅದನ್ನು ಬೆಚ್ಚಗಿಡುವುದು ಹೇಗೆ? "ಒಂದು ಹ್ಯಾಂಡ್ ವಾರ್ಮರ್ ಒಳಗೆ ಬಿಸಾಕು, ಮುಗೀತು" ಎಂದ ಗೆಳೆಯ. ಬಿಸಾಕಿ ಮುಚ್ಚಿದೆವು. ಸ್ವಲ್ಪ ಹೊತ್ತಿಗೆ ತಣ್ಣಗಾಗಿತ್ತು. ಆ ಪೊಟ್ಟಣದೊಳಗಿನ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತಾ ಬಿಸಿ ಕೊಡುತ್ತದೆ, ತುಕ್ಕಿಗೆ ಗಾಳಿ ಬೇಕು. ಗಾಳಿ ಆಡದ ಪೆಟ್ಟಿಗೆಯಲ್ಲಿ ಅದು ಮಲಗಿಬಿಡುತ್ತದೆ. ಹೊರಗೆ ತೆಗೆದು ಅಲ್ಲಾಡಿಸಿದರೆ ಮತ್ತೆ ಬಿಸಿ!

ಈಗ ಮಾಡುತ್ತಿರುವುದು ಬಿಸಿನೀರಿನ ಉಪಾಯ. ಬಿಗಿ ಮುಚ್ಚಳದ ಒಂದು ಲೀಟರ್ ಸ್ಟೀಲ್ ಬಾಟಲಿ, ಫ್ಲಾಸ್ಕ್ ಅಲ್ಲ, ಒಂದೇ ಪದರದ್ದು. ಹಳೇ ಕಾಲುಚೀಲದಲ್ಲಿ ಸುತ್ತಿ ಗೂಡಿನ ಪಕ್ಕ ಇಡುತ್ತೇನೆ. ಒಂದು ಲೀಟರ್ ನೀರು 60 ಡಿಗ್ರಿಯಿಂದ 20ಕ್ಕೆ ಇಳಿಯುವಾಗ ಸುಮಾರು 46 ವ್ಯಾಟ್-ಅವರ್ ಶಾಖ ಬಿಡುತ್ತದೆ. ಅಷ್ಟನ್ನೇ ಎಲೆಕ್ಟ್ರಿಕ್ ಹೀಟಿಂಗ್ ಪ್ಯಾಡ್‌ನಿಂದ ಪಡೆಯಬೇಕೆಂದರೆ ಬ್ಯಾಟರಿಯ ಐದರಲ್ಲೊಂದು ಭಾಗ ಅದಕ್ಕೇ ಹೋಗುತ್ತಿತ್ತು. ಮನೆಯ ನಲ್ಲಿಯಿಂದ ಬರುವ ಬಿಸಿನೀರು ಇದನ್ನು ಪುಕ್ಕಟೆ ಮಾಡುತ್ತದೆ. ಸಂಜೆ ಏಳರ ಹೊತ್ತಿಗೆ ಹೊರಗೆ ಮೈನಸ್ 24 ಇದ್ದರೆ ಗೂಡಿನೊಳಗೆ 11 ಡಿಗ್ರಿ ಇತ್ತು. ಫೋನ್ ಅಲ್ಲೇ ಚಾರ್ಜ್ ಆಗುತ್ತದೆ, ಬ್ಯಾಟರಿಯೂ ಮುಕ್ಕಾಲಿಗಿಂತ ಜಾಸ್ತಿ ಕೊಡುತ್ತಿದೆ.

ಟೆಂಟಿನಲ್ಲಿ ಪ್ರೊಪೇನ್ ಉರಿಯುವುದರಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯ ಅಲಾರಂ ಇಟ್ಟಿದ್ದೇನೆ. ಅದನ್ನು ಬೇಕೆಂತಲೇ ಈ ಪೆಟ್ಟಿಗೆಗೆ ಜೋಡಿಸಿಲ್ಲ. ಅದಕ್ಕೆ ಅದರದೇ ಲಿಥಿಯಂ ಎಎ ಸೆಲ್‌ಗಳು. ಮಾಮೂಲಿ ಆಲ್ಕಲೈನ್ ಸೆಲ್ ಇಂಥ ಚಳಿಯಲ್ಲಿ ಕೈಕೊಡುತ್ತದೆ. ತಲೆಗೆ ಕಟ್ಟುವ ಲೈಟಿಗೂ ಅದೇ ಸೆಲ್. ಪೆಟ್ಟಿಗೆಯೇ ನಿಂತುಹೋದರೂ ಇವೆರಡು ನಡೆಯಬೇಕು.

ಫೆಬ್ರವರಿ, ಮನೆಗೆ ತಂದ ಮೇಲೆ

ಐಸಿನಿಂದ ಬಂದ ಪೆಟ್ಟಿಗೆಯನ್ನು ಕೂಡಲೇ ತೆರೆಯುವುದಿಲ್ಲ. ತಣ್ಣಗಿನ ಸೆಲ್ ಮೇಲೆ ಮನೆಯ ಬಿಸಿಗಾಳಿ ತಾಗಿದರೆ ಎಲ್ಲ ಕಡೆ ನೀರು ಬೆವರುತ್ತದೆ, ಸ್ವಿಚ್ಚಿನ ಹಿಂದಿನ ತಾಮ್ರ ಹಸಿರಾಗಲು ಅಷ್ಟು ಸಾಕು. ಮುಚ್ಚಳ ಮುಚ್ಚಿಯೇ ಬೇಸ್‌ಮೆಂಟಿನಲ್ಲಿ ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ಥರ್ಮಾಮೀಟರ್ 10 ಡಿಗ್ರಿ ದಾಟಿದ್ದು ನೋಡಿ 5 ಆಂಪ್ ಚಾರ್ಜರ್ ಹಾಕುತ್ತೇನೆ. ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಗ್ಯಾರೇಜಿನಲ್ಲಿ ಚಾರ್ಜ್ ಮಾಡುವ ಹಾಗಿಲ್ಲ, ನಮ್ಮ ಗ್ಯಾರೇಜ್ ಚಳಿಗಾಲದಲ್ಲಿ ಫ್ರೀಜರ್.

ಪಕ್ಕದ ಟೆಂಟಿನ ಹಿರಿಯರು ಸೋಲಾರ್ ಪ್ಯಾನೆಲ್ ಹಾಕು, ಹಗಲೆಲ್ಲ ತುಂಬುತ್ತಿರುತ್ತದೆ ಎಂದರು. ಅವರದು ಲೆಡ್-ಆಸಿಡ್, ಅವರಿಗೆ ಸರಿ. ನನ್ನ ಬ್ಯಾಟರಿಯೊಳಗೆ ಸೆಲ್ ಕಾಯುವ ಸರ್ಕ್ಯೂಟ್ ಆದ ಬಿಎಂಎಸ್‌ಗೆ ಚಳಿಯಲ್ಲಿ ಚಾರ್ಜ್ ತಡೆಯುವ ಬುದ್ಧಿ ಇಲ್ಲ. ಬಿಸಿಲು ಬಿದ್ದ ಕೂಡಲೇ ಪ್ಯಾನೆಲ್ ಮೈನಸ್ 15ರ ಸೆಲ್‌ಗೆ ಕರೆಂಟ್ ನುಗ್ಗಿಸುತ್ತದೆ. ಹೊಸದು ಕೊಳ್ಳುವವರು ಆ ತಡೆ ಇದೆಯೇ ಎಂದು ಮೊದಲು ಕೇಳಿ, ಆಂಪ್-ಅವರ್ ಆಮೇಲೆ.

ಮುಂದಿನ ಕೆಲಸ, ಕ್ರಾಪಿ ಮೀನಿಗಾಗಿ ನೀರೊಳಗೆ ಇಳಿಬಿಡುವ ಹಸಿರು ಲೈಟು. ಆ ಬೆಳಕಿಗೆ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಮರಿಮೀನು, ಅದರ ಹಿಂದೆ ಕ್ರಾಪಿ. ಲೈಟು 15 ವ್ಯಾಟಿನದು. ಬಿಸಿನೀರಿನ ಬಾಟಲಿ ಇದ್ದರೆ ಈಗಿರುವ 20 ಆಂಪ್-ಅವರ್‌ನಲ್ಲೇ ಒಂದು ಸಂಜೆಗೆ ಸಾಕು ಎಂದು ಲೆಕ್ಕ ಹೇಳುತ್ತದೆ. ನಾಲ್ಕನೇ ಸ್ವಿಚ್‌ಗೆ ಪೆಟ್ಟಿಗೆಯಲ್ಲಿ ತೂತು ಆಗಲೇ ಕೊರೆದಾಗಿದೆ.