ಹಾರ್ನ್ ಮತ್ತು ವೂಫರ್ ಕೂಡುವ ಜಾಗ

ಇವತ್ತು ಸಂಜೆಯೆಲ್ಲಾ ನನ್ನ ಸ್ಪೀಕರ್‌ನಲ್ಲಿ 1200 ಹರ್ಟ್ಸ್‌ಗೆ ಕ್ರಾಸ್‌ಓವರ್ (ಕೆಳಸ್ವರಗಳನ್ನು ವೂಫರ್‌ಗೂ ಮೇಲುಸ್ವರಗಳನ್ನು ಹಾರ್ನ್‌ಗೂ ಹಂಚುವ ಗಡಿ) ಇಟ್ಟು ಅಳೆಯುತ್ತಾ ಕೂತಿದ್ದೆ. ಆ ಸ್ವರದ ಅಲೆಯ ಉದ್ದ ಸುಮಾರು 29 ಸೆಂ.ಮೀ. ಹಾರ್ನ್‌ನ ಬೆನ್ನಿಗೆ ಕೂತು ಸದ್ದು ಹುಟ್ಟಿಸುವ ಕಂಪ್ರೆಷನ್ ಡ್ರೈವರ್ ವೂಫರ್‌ಗಿಂತ 14 ಸೆಂ.ಮೀ. ಹಿಂದೆ ಕೂತರೆ ಅರ್ಧ ಅಲೆಯಷ್ಟು ತಡ. ಆಗ ಎರಡೂ ಸೇರುವ ಬದಲು ಒಂದನ್ನೊಂದು ಅಳಿಸಿಬಿಡುತ್ತವೆ. ಎಲ್ಲ ಹೊಂದಿಸಿದ ಮೇಲೆ, ಬೇಕೆಂದೇ ಹಾರ್ನ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ ಅದರ ಅಲೆಯನ್ನು ತಲೆಕೆಳಗು ಮಾಡಿದೆ. ಗ್ರಾಫ್‌ನಲ್ಲಿ 1200ರ ಹತ್ತಿರ ಆಳವಾದ ಗುಂಡಿ ಬಿತ್ತು! ಅಂದರೆ ವೈರು ಸರಿಯಿದ್ದಾಗ ಇಬ್ಬರೂ ಹೆಜ್ಜೆ ಹಾಕುತ್ತಿರುವುದು ಒಟ್ಟಿಗೇ. ಈ ಪರೀಕ್ಷೆ ಮೇಲೆ ನನಗೆ ತುಂಬಾ ನಂಬಿಕೆ.

ಡ್ರೈವರ್‌ಗೆ ಜಾಸ್ತಿ ದುಡ್ಡು ಸುರಿದು, ಹಾರ್ನ್ ಯಾವುದಾದರೂ ನಡೆಯುತ್ತೆ ಅನ್ನುವವರನ್ನು ಕಂಡರೆ ಬೇಸರವಾಗುತ್ತದೆ. ಹಾರ್ನ್‌ನ ಹಿಡಿತ ತಪ್ಪುವ ಸ್ವರಕ್ಕಿಂತ ಕೆಳಗೆ ಡಯಾಫ್ರಂ (ಡ್ರೈವರ್‌ನೊಳಗೆ ಅದುರುವ ತೆಳು ಹಾಳೆ) ಮೇಲೆ ಗಾಳಿಯ ಹೊರೆಯೇ ಇರುವುದಿಲ್ಲ. ಅದು ಮಿತಿಮೀರಿ ಅಲುಗಾಡುತ್ತದೆ, ಸದ್ದು ಒರಟಾಗುತ್ತದೆ.

ಇನ್ನು ಮಟ್ಟದ ಮಾತು. ಒಂದೇ ಅಳತೆಯ ವಿದ್ಯುತ್ ಕೊಟ್ಟಾಗ ಡ್ರೈವರ್ 108 ಡೆಸಿಬಲ್, ವೂಫರ್ 96 ಇದ್ದರೆ ಎಲ್-ಪ್ಯಾಡ್ (ಸದ್ದು ತಗ್ಗಿಸುವ ಎರಡು ರೆಸಿಸ್ಟರ್‌ಗಳ ಜೋಡಣೆ) ಹಾಕಿ 12 ಡೆಸಿಬಲ್ ಇಳಿಸಲೇಬೇಕು. ಅದರ ಸರಣಿ ರೆಸಿಸ್ಟರ್‌ಗೆ ಸಮಾಂತರವಾಗಿ ಒಂದು ಸಣ್ಣ ಕೆಪಾಸಿಟರ್ ಜೋಡಿಸಿದರೆ ತುತ್ತತುದಿಯ ಸ್ವರಗಳು ಆ ದಾರಿಯಲ್ಲಿ ನುಸುಳಿ ಬರುತ್ತವೆ. ಕೇಳುವವರಿಗೆ ಹಾರ್ನ್ ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಬಾರದು, ಅಲ್ವಾ? ನಾಳೆ ಕೆಪಾಸಿಟರ್ ಬದಲಿಸಿ ಮತ್ತೆ ಅಳೆಯಬೇಕು.