ಅಗ್ಗದ ಪೆಡಲ್ ಕಕ್ಕಡದ ಮಳೆ ದಾಟಬೇಕಾದರೆ

ಗಿಟಾರ್‌ಗೂ ಆಂಪ್‌ಗೂ (ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ) ನಡುವೆ ಸಿಕ್ಕಿಸಿ, ಕಾಲಲ್ಲಿ ಒತ್ತಿ ನಾದ ಬದಲಿಸುವ ಚಿಕ್ಕ ಪೆಟ್ಟಿಗೆಯೇ ಗಿಟಾರ್ ಪೆಡಲ್. ಮೂರು ಸಾವಿರ ರೂಪಾಯಿಯ ಪೆಡಲ್‌ಗೂ ಹತ್ತು ಸಾವಿರದ ಪೆಡಲ್‌ಗೂ ನಾದದಲ್ಲಿ ಇರುವ ಅಂತರ ಹೊಸಬರು ಅಂದುಕೊಂಡಷ್ಟು ದೊಡ್ಡದಲ್ಲ. ದುಡ್ಡಿನ ಅಂತರ ಕಾಣುವುದು ಕೇಬಲ್ ಚುಚ್ಚುವ ಜಾಕ್‌ನಲ್ಲಿ, ಕಾಲಲ್ಲಿ ಒತ್ತುವ ಸ್ವಿಚ್‌ನಲ್ಲಿ, ಪೆಟ್ಟಿಗೆಯಲ್ಲಿ. ಕೊಡಗಿನ ತೇವ ಮೊದಲು ಹಿಡಿಯುವುದೂ ಅವನ್ನೇ, ಅದರಲ್ಲೂ ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಬಿರುಮಳೆಯ ಕೊಡವ ತಿಂಗಳಲ್ಲಿ. ಹಾಗಾಗಿ ಮಡಿಕೇರಿಯಲ್ಲೋ ನಾಪೋಕ್ಲಿನಲ್ಲೋ ಕೂತು ಮೊದಲ ಪೆಡಲ್ ತರಿಸುವವರು ಗಮನಿಸಬೇಕಾದ ವಿಷಯಗಳು ಬೆಂಗಳೂರಿನವರದ್ದಕ್ಕಿಂತ ಸ್ವಲ್ಪ ಬೇರೆ. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಅಷ್ಟರ ಮಟ್ಟಿಗೆ ಅವರು ನಿರಾಳ.

ನಾದದ ಮಾತು ಮೊದಲು ಮುಗಿಸೋಣ. ಗಿಟಾರ್ ನಾದಕ್ಕೆ ಬಿರುಸು ತರುವ ಓವರ್‌ಡ್ರೈವ್ ಪೆಡಲ್‌ಗಳಲ್ಲಿ ಬಹಳಷ್ಟು 1979ರ ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಟಿಎಸ್808ರ ಸಂತತಿ. ಒಳಗಿರುವುದು ಸಿಗ್ನಲ್ ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್, ಎರಡು ಡಯೋಡ್, ಒಂದಷ್ಟು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್, ಮೂರು ನಾಬ್. ಡಯೋಡ್‌ಗಳು ಸಿಗ್ನಲ್‌ನ ತುದಿಗಳನ್ನು ಸವರುವುದರಿಂದ ಆ ಬಿರುಸು ಬರುತ್ತದೆ. 720 ಹರ್ಟ್ಜ್ ಸುತ್ತಮುತ್ತ ಮಧ್ಯದ ಭಾಗ ಉಬ್ಬುವುದರಿಂದ ಡ್ರಮ್, ಕೀಬೋರ್ಡ್‌ಗಳ ನಡುವೆಯೂ ಗಿಟಾರ್ ಕೇಳಿಸುತ್ತದೆ. ಈ ಬಿಡಿಭಾಗಗಳೆಲ್ಲ ಕೆಲವೇ ರೂಪಾಯಿಯವು. ಬೆರಿಂಜರ್ ಟಿಒ800, ಜೋಯೋ ವಿಂಟೇಜ್ ಓವರ್‌ಡ್ರೈವ್ ಎರಡೂ ಇದೇ ದಾರಿಯ ಪೆಡಲ್‌ಗಳು. ಮೊದಲನೆಯದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಎರಡನೆಯದು ಲೋಹದ್ದರಲ್ಲಿ ಬರುತ್ತದೆ. ಮನೆಯಲ್ಲಿ ಮೇಜಿನ ಮೇಲಿಟ್ಟು ನುಡಿಸುವವರಿಗೆ ಪ್ಲಾಸ್ಟಿಕ್ ಸಾಕು. ಮದುವೆ ಮನೆ, ಹೋಮ್‌ಸ್ಟೇ ಅಂಗಳ ಅಂತ ಹೊತ್ತು ತಿರುಗಿ ಬೂಟುಗಾಲಲ್ಲಿ ತುಳಿಯುವವರಾದರೆ ಲೋಹದ್ದೇ ಇರಲಿ.

ಯಾವ ಪೆಡಲ್ ಮೊದಲು ಎಂಬುದನ್ನು ನಿಮ್ಮ ಆಂಪ್ ಹೇಳುತ್ತದೆ. ಅದರಲ್ಲೇ ಗೇನ್ ಚಾನೆಲ್ (ಆಂಪೇ ಬಿರುಸು ಕೊಡುವ ವಿಭಾಗ) ಇದ್ದರೆ ಇನ್ನೂ ಒರಟು ಬಿರುಸು ತರುವ ಡಿಸ್ಟಾರ್ಶನ್ ಪೆಡಲ್‌ಗೆ ದುಡ್ಡು ಹಾಕಬೇಡಿ, ಪ್ರತಿಧ್ವನಿ ಕೊಡುವ ಡಿಲೇ ತೆಗೆದುಕೊಳ್ಳಿ. ರೋಲ್ಯಾಂಡ್ ಮೈಕ್ರೋ ಕ್ಯೂಬ್‌ನಂಥ ಆಂಪ್‌ನಲ್ಲಿ ಡಿಲೇ, ರಿವರ್ಬ್ (ಕೋಣೆಯ ಅನುರಣನ), ಕೋರಸ್ (ಹಲವು ಗಿಟಾರ್ ಒಟ್ಟಿಗೆ ನುಡಿದಂಥ ನಾದ) ಆಗಲೇ ಇವೆ, ಆರು ಡಬಲ್ ಎ ಸೆಲ್‌ನಲ್ಲೂ ಓಡುತ್ತದೆ. ಅದಿರುವವರು ಆರು ತಿಂಗಳು ಪೆಡಲ್ ಯೋಚನೆಯನ್ನೇ ಬಿಡಬಹುದು. ಬರೀ ಕ್ಲೀನ್, ಅಂದರೆ ಬಿರುಸಿಲ್ಲದ ನಾದ ಇರುವ ಆಂಪ್‌ಗೆ ಓವರ್‌ಡ್ರೈವ್ ಮೊದಲು. ಅಕೌಸ್ಟಿಕ್ ಗಿಟಾರ್‌ಗೆ ಪಿಕಪ್ (ಸದ್ದನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಇಲ್ಲದಿದ್ದರೆ ಪೆಡಲ್ ಪ್ರಶ್ನೆಯೇ ಇಲ್ಲ. ಸಿಗ್ನಲ್ ಬಲಪಡಿಸುವ ಪ್ರೀಆಂಪ್ ಇಲ್ಲದ, ಕಂಪನ ಹಿಡಿಯುವ ಬರೀ ಪೀಜೋ ಪಿಕಪ್ ಆದರೆ ಸಾಮಾನ್ಯ ಪೆಡಲ್‌ಗೆ ಕೊಟ್ಟಾಗ ದನಿ ತೆಳ್ಳಗಾಗಿ ಕಿರುಚುತ್ತದೆ. ಟ್ಯೂನರ್ ಪೆಡಲ್ ಈಗ ಬೇಡ, ಗಿಟಾರ್‌ನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಸಾಕು.

ಇನ್ನೊಂದು ದಾರಿ ಮಲ್ಟಿ ಎಫೆಕ್ಟ್ಸ್, ಅಂದರೆ ಹಲವು ಪೆಡಲ್‌ಗಳ ನಾದ ಒಂದೇ ಪೆಟ್ಟಿಗೆಯಲ್ಲಿ. ಪೆಡಲ್‌ಗಳನ್ನು ಸಾಲಾಗಿಟ್ಟು ನುಡಿಸಿ ನೋಡಲು ಇಲ್ಲಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಯಾವುದು ಬೇಕೆಂದೇ ತಿಳಿಯದವರಿಗೆ ಝೂಮ್ ಜಿ1 ಫೋರ್‌ನಂಥದ್ದು ಎಲ್ಲವನ್ನೂ ರುಚಿ ನೋಡಿಸುತ್ತದೆ. ಏಕಕಾಲಕ್ಕೆ ಐದು ಎಫೆಕ್ಟ್, ಲೂಪರ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವುದು), ತಾಳದ ಪ್ಯಾಟರ್ನ್‌ಗಳು, ಕರೆಂಟ್ ಹೋದರೆ ನಾಲ್ಕು ಡಬಲ್ ಎ ಸೆಲ್. ಒಂದು ಸಾದಾ ಪೆಡಲ್‌ಗಿಂತ ದುಬಾರಿ ನಿಜ. ಆದರೆ ಗೊತ್ತಿಲ್ಲದೆ ಮೂರು ತಪ್ಪು ಪೆಡಲ್ ಕೊಳ್ಳುವುದಕ್ಕಿಂತ ಅಗ್ಗ.

ಕೈಯಲ್ಲಿ 5,000 ರೂಪಾಯಿ ಇದೆ ಅನ್ನಿ. ಪೆಡಲ್‌ಗೆ 3,000 ದಾಟಬೇಡಿ. ಉಳಿದದ್ದು ಅಡಾಪ್ಟರ್, ಕೇಬಲ್ ಮತ್ತು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್‌ಗೆ ಇರಲಿ. ಮೀಟರ್ ಯಾಕೆಂದರೆ, ಹೊಸಬರ ಪೆಡಲ್ ಸಾಯುವುದು ಹೆಚ್ಚಾಗಿ ತಪ್ಪು ಅಡಾಪ್ಟರ್‌ನಿಂದ.

ಬಹುತೇಕ ಪೆಡಲ್‌ಗಳು ಕೇಳುವುದು 9 ವೋಲ್ಟ್ ಡಿಸಿ. ಪಿನ್ನಿನ ಹೊರ ಅಗಲ 5.5 ಮಿಲಿಮೀಟರ್, ಒಳಗಿನ ತೂತು 2.1. ಮುಖ್ಯವಾದದ್ದು ಇದು: ಒಳಗೆ ಮೈನಸ್, ಹೊರಗೆ ಪ್ಲಸ್. ಮನೆಯ ವೈಫೈ ರೂಟರ್‌ನ ಅಡಾಪ್ಟರ್‌ನಲ್ಲೂ ಇಂಥದ್ದೇ ಪಿನ್ ಇರುತ್ತದೆ, ಪೆಡಲ್‌ಗೆ ಸಲೀಸಾಗಿ ಕೂರುತ್ತದೆ. ಆದರೆ ಅದು ಸಾಮಾನ್ಯವಾಗಿ 12 ವೋಲ್ಟ್, ಒಳಗೆ ಪ್ಲಸ್. ಹಾಕಿದ ಕ್ಷಣವೇ ಪೆಡಲ್ ಹೋಗಬಹುದು.

ಅಡಾಪ್ಟರನ್ನು ಪೆಡಲ್‌ಗೆ ಹಾಕುವ ಮೊದಲು ಹೀಗೆ ಅಳೆಯಿರಿ. ಅಡಾಪ್ಟರನ್ನು ಮಾತ್ರ ಗೋಡೆಗೆ ಚುಚ್ಚಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿಯ ತುದಿ ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿ ಹೊರಗಿನ ಲೋಹಕ್ಕೆ. ಎರಡು ಕಡ್ಡಿಯೂ ಒಂದಕ್ಕೊಂದು ತಾಗಬಾರದು. ಮೀಟರ್‌ನಲ್ಲಿ ಮೈನಸ್ ಗುರುತಿನೊಡನೆ 9ರ ಆಸುಪಾಸು ಬಂದರೆ ಸರಿ. ಮೈನಸ್ ಇಲ್ಲದೆ ಬರೀ 9 ಬಂದರೆ ಧ್ರುವ ಉಲ್ಟಾ, ಪಕ್ಕಕ್ಕಿಡಿ. ಮೈನಸ್ 13, 14 ಅಂತ ತೋರಿಸಿದರೆ ಅದು ರೆಗ್ಯುಲೇಟೆಡ್ ಅಲ್ಲದ, ಅಂದರೆ ವೋಲ್ಟೇಜ್ ಒಂದೇ ಸಮ ಇಡದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್. ಮೇಲೆ 9 ಅಂತ ಅಚ್ಚಾಗಿದ್ದರೂ ಡಿಜಿಟಲ್ ಪೆಡಲ್‌ಗೆ ಕೊಡಬೇಡಿ.

ಆಂಪಿಯರ್ ಬಗ್ಗೆ ಹೆದರಿಕೆ ಬೇಡ. 1 ಆಂಪಿಯರ್ ಅಡಾಪ್ಟರ್ ಹಾಕಿದರೆ ಪೆಡಲ್ ಸುಡುವುದಿಲ್ಲ, ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಸಾದಾ ಓವರ್‌ಡ್ರೈವ್‌ಗೆ 5ರಿಂದ 10 ಮಿಲಿ ಆಂಪಿಯರ್ ಸಾಕು, ಡಿಜಿಟಲ್ ಡಿಲೇ ಅಥವಾ ರಿವರ್ಬ್‌ಗೆ 100 ದಾಟಲೂಬಹುದು. ಅಡಾಪ್ಟರ್ ಕೊಡುವುದು ಪೆಡಲ್‌ಗಳೆಲ್ಲದರ ಒಟ್ಟು ಮೊತ್ತಕ್ಕಿಂತ ಹೆಚ್ಚಿರಬೇಕು, ಅಷ್ಟೆ. ಒಂದೇ ಅಡಾಪ್ಟರ್‌ನಿಂದ ಐದು ಪಿನ್ ಕವಲೊಡೆಯುವ ವೈರ್ ಅಗ್ಗ. ಆದರೆ ಡಿಜಿಟಲ್ ಡಿಲೇ ಮತ್ತು ಓವರ್‌ಡ್ರೈವ್ ಎರಡನ್ನೂ ಅದಕ್ಕೇ ಸಿಕ್ಕಿಸಿದರೆ, ಡಿಲೇಯೊಳಗಿನ ಚಿಪ್‌ನ ಕ್ಲಾಕ್ ಸಿಗ್ನಲ್‌ನ ಸದ್ದು ಓವರ್‌ಡ್ರೈವ್‌ನಲ್ಲಿ ಹಿಗ್ಗಿ ಸೊಳ್ಳೆ ಹಾಡಿದಂತೆ ಕೇಳಿಸುವುದುಂಟು. ಆಗ ಪೆಡಲ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಡಿಲೇಗೆ ಬೇರೆ ಅಡಾಪ್ಟರ್ ಕೊಟ್ಟು ನೋಡಿ.

ಉಲ್ಟಾ ಕರೆಂಟ್ ಕೊಟ್ಟು ಸತ್ತ ಪೆಡಲನ್ನೂ ಎಸೆಯಬೇಡಿ. ಹಲವು ಪೆಡಲ್‌ಗಳಲ್ಲಿ ಪವರ್ ಜಾಕ್ ಪಕ್ಕದಲ್ಲೇ 1ಎನ್4001ನಂಥ ಒಂದು ಡಯೋಡ್ ಇರುತ್ತದೆ. ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡಿರುವ ಸಾಧ್ಯತೆ ಇದೆ. ಟಿವಿ ರಿಪೇರಿ ಮಾಡುವ ಯಾರೇ ಆದರೂ ಅದನ್ನು ಬದಲಿಸಬಲ್ಲರು.

ಮಳೆಗಾಲದಲ್ಲಿ ಕರೆಂಟ್ ಇಲ್ಲದ ದಿನಗಳೇ ಹೆಚ್ಚು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ ಜುಂಯ್‌ಗುಡುತ್ತದೆ, ಪೆಡಲ್ ಬದಲಿಸಿದರೂ ಅದು ಹೋಗದು. ಅಂಥ ಮನೆಯವರು ಸೆಲ್‌ನಲ್ಲಿ ಓಡುವ ಆಂಪ್ ಜೊತೆಗೆ 9 ವೋಲ್ಟ್ ಬ್ಯಾಟರಿ ಹಾಕಲು ಜಾಗ ಇರುವ ಪೆಡಲನ್ನೇ ಆರಿಸಿ. ತೀರಾ ಚಿಕ್ಕ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಆ ಜಾಗ ಇರುವುದಿಲ್ಲ. ಆಲ್ಕಲೈನ್ ಬ್ಯಾಟರಿಯಲ್ಲಿ ಓವರ್‌ಡ್ರೈವ್ ಹತ್ತಾರು ಗಂಟೆ ಓಡುತ್ತದೆ, ಡಿಜಿಟಲ್ ಡಿಲೇ ಒಂದು ಸಂಜೆಯಲ್ಲಿ ಮುಗಿಸುತ್ತದೆ. ಇನ್‌ಪುಟ್ ಜಾಕ್‌ಗೆ ಕೇಬಲ್ ಚುಚ್ಚಿದರೇ ಬ್ಯಾಟರಿ ಆನ್ ಆಗುವ ವ್ಯವಸ್ಥೆ ಇದು. ಕಾಲಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಆ ಕೇಬಲ್ ಕೀಳಬೇಕು.

ಇನ್ನೊಂದು ಮಾತು, ಇದು ಜೀವದ ವಿಷಯ. ಹಳೆಯ ತೋಟದ ಮನೆ, ಕೆಲಸಗಾರರ ಲೈನ್‌ಮನೆಗಳಲ್ಲಿ ಅರ್ಥಿಂಗ್ ಸರಿ ಇದೆಯೋ ಇಲ್ಲವೋ ನೋಡಿಸಿ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾಗುವುದು ಗಿಟಾರ್‌ನಲ್ಲಿ ಸಹಜ. ಬೆರಳಿಗೆ ಜುಮ್ಮೆಂದರೆ ಸಹಜವಲ್ಲ. ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಅಡಾಪ್ಟರ್‌ಗಳನ್ನೆಲ್ಲ ಗೋಡೆಯಿಂದ ಕಿತ್ತಿಡಿ.

ಇನ್ನು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದಲ್ಲಿ, ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಪೆಡಲ್‌ನ ಜಾಕ್‌ಗೂ ಕಿಲುಬು ಹಿಡಿಯುತ್ತದೆ. ಜಾಕ್‌ನೊಳಗಿನ ಪಟ್ಟಿ ಮಂಕಾಗಿ ಸದ್ದು ಬಂದು ಬಂದು ಹೋಗುತ್ತದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಬಟ್ಟೆಯ ಗಿಟಾರ್ ಚೀಲದಲ್ಲಿ ಪೆಡಲ್ ಇಡಬೇಡಿ, ಚೀಲವೇ ನೀರು ಹೀರಿ ಕೂತಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲೂ ಬೇಡ, ಮಸಿ ಒಳಗೆ ಹೋಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿಹುಡಿ ಜಾಕ್ ಸೇರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು, ಬ್ಯಾಟರಿ ಹೊರಗೆ. ವಾರಕ್ಕೊಮ್ಮೆ ಹೊರತೆಗೆದು ಪ್ರತಿ ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಕಿಲುಬು ಹಿಡಿದಾಗಿದ್ದರೆ, ಪವರ್ ತೆಗೆದು, ಕೇಬಲ್‌ನ ಪ್ಲಗ್ಗಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಜಾಕ್‌ಗೆ ಹತ್ತು ಸಲ ಹಾಕಿ ತೆಗೆಯಿರಿ, ಪೂರಾ ಆರಿದ ಮೇಲೆ ಬಳಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಜಿಡ್ಡು ಉಳಿದು ಧೂಳು ಹಿಡಿಯುತ್ತದೆ.

ಸಾಧ್ಯವಾದರೆ ಮಳೆ ಹಿಡಿಯುವ ಮೊದಲೇ, ಮೇ ತಿಂಗಳೊಳಗೆ ತರಿಸಿ. ಪೆಟ್ಟಿಗೆ ಬಿಚ್ಚುವುದನ್ನು ಫೋನ್‌ನಲ್ಲಿ ವಿಡಿಯೋ ಮಾಡಿ, ಬಂದ ದಿನವೇ ಪರೀಕ್ಷೆ ಮುಗಿಸಿ. ಸ್ವಿಚ್ ಮೂವತ್ತು ಸಲ ಒತ್ತಿ, ಒಂದು ಸಲ ತಪ್ಪಿದರೂ ವಾಪಸ್. ನುಡಿಸುತ್ತಾ ಎರಡೂ ಜಾಕ್‌ನ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ. ಅಗ್ಗದ ಪೆಡಲ್‌ಗಳಲ್ಲಿ ಜಾಕ್ ನೇರ ಬೋರ್ಡಿಗೇ ಬೆಸೆದಿರುವುದು ಹೆಚ್ಚು. ನಟ್ಟು ಸಡಿಲವಿದ್ದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದು ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತದೆ. ನಟ್ಟನ್ನು ಆಗಾಗ ಹದವಾಗಿ ಬಿಗಿ ಮಾಡುತ್ತಿರಿ.

ಓವರ್‌ಡ್ರೈವ್ ಹೊಂದಿಸುವಾಗ ಡ್ರೈವ್ ನಾಬ್ ಗಡಿಯಾರದ 9 ಗಂಟೆಯ ಕಡೆ, ಟೋನ್ 12ಕ್ಕೆ ಇರಲಿ. ಪೆಡಲ್ ಆನ್ ಇದ್ದರೂ ಆಫ್ ಇದ್ದರೂ ಸದ್ದು ಒಂದೇ ಜೋರಾಗಿರುವಂತೆ ಲೆವೆಲ್ ಹೊಂದಿಸಿ, ಆಮೇಲೆ ತೀರ್ಮಾನಿಸಿ. ಜೋರಾದದ್ದೆಲ್ಲ ಕಿವಿಗೆ ಒಳ್ಳೆಯದೆನಿಸುತ್ತದೆ, ಮೋಸ ಹೋಗುವುದು ಅಲ್ಲೇ. ಎರಡು ಪೆಡಲ್ ಇದ್ದರೆ ಗಿಟಾರ್, ಓವರ್‌ಡ್ರೈವ್, ಡಿಲೇ, ಆಂಪ್ ಎಂಬ ಕ್ರಮ. ಡಿಲೇ ಮೊದಲು ಬಂದರೆ ಪ್ರತಿಧ್ವನಿಗಳೆಲ್ಲ ಓವರ್‌ಡ್ರೈವ್‌ನಲ್ಲಿ ಸಿಕ್ಕಿ ಕಲಸುಮೇಲೋಗರವಾಗುತ್ತದೆ.

ಸದ್ದು ನಿಂತರೆ ಪೆಡಲ್ ಬಿಚ್ಚಲು ಹೋಗಬೇಡಿ. ಮೊದಲು ಗಿಟಾರನ್ನು ನೇರ ಆಂಪ್‌ಗೆ ಹಾಕಿ. ಸದ್ದು ಬಂದರೆ ಒಂದೊಂದೇ ಪೆಡಲ್ ಸೇರಿಸುತ್ತಾ ಹೋಗಿ, ಪ್ರತಿ ಸಲ ಕೇಬಲ್ ಅದಲುಬದಲು ಮಾಡಿ ನೋಡಿ. ಹೆಚ್ಚಿನ ಸಲ ದೋಷ ಸಿಗುವುದು ಎರಡು ಪೆಡಲ್‌ಗಳ ನಡುವಿನ 15 ಸೆಂಟಿಮೀಟರಿನ ಪ್ಯಾಚ್ ಕೇಬಲ್‌ನಲ್ಲಿ. ತುದಿಯನ್ನು ಬಿಚ್ಚಲಾಗದಂತೆ ಎರಕ ಹೊಯ್ದ ಬಣ್ಣಬಣ್ಣದ ಅಗ್ಗದ ಕೇಬಲ್‌ಗಳು ಒಳಗೇ ತುಂಡಾಗುತ್ತವೆ, ಸರಿಮಾಡಲಾಗದು. ತುದಿಯ ಪ್ಲಗ್ ತಿರುಪಿ ಬಿಚ್ಚುವಂಥದ್ದನ್ನು ತೆಗೆದುಕೊಂಡರೆ ಮನೆಯಲ್ಲೇ ಮತ್ತೆ ಬೆಸೆಯಬಹುದು. ಬೇಕಾದ್ದಕ್ಕಿಂತ ಒಂದು ಹೆಚ್ಚೇ ತರಿಸಿ, ಅದೇ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟುಕೊಳ್ಳಿ.